ಸೊನ್ನೆ ಬಂತು, ಫೈಲ್ ಬಂತೇ?

ಕಮ್ಯಾಂಡ್ ಲೈನ್‌ನಲ್ಲಿ ಓಡುವ ಯಾವುದೇ ಪ್ರೋಗ್ರಾಮ್ ಮುಗಿಯುವಾಗ 0ಯಿಂದ 255ರವರೆಗಿನ ಒಂದು ಸಂಖ್ಯೆಯನ್ನು ಶೆಲ್‌ಗೆ ಒಪ್ಪಿಸಿ ಹೋಗುತ್ತದೆ. ಅದೇ ಎಕ್ಸಿಟ್ ಕೋಡ್. ತಾನಾಗಿ ಅದು ಪರದೆಯ ಮೇಲೆ ಕಾಣಿಸಿಕೊಳ್ಳುವುದಿಲ್ಲ. ‘ಎಕೋ $?’ ಎಂದು ಕೇಳಿದರೆ ಹೇಳುತ್ತದೆ. ನಡುವೆ ಇನ್ನೊಂದು ಕಮ್ಯಾಂಡ್ ಓಡಿಸಿದರೆ ಹಳೆಯ ಸಂಖ್ಯೆ ಅಳಿಸಿಹೋಗುತ್ತದೆ. ಟರ್ಮಿನಲ್ ಮುಂದೆ ಕೂತವರಿಗೆ ಇದರ ಗೊಡವೆ ಅಷ್ಟಾಗಿ ಬೇಕಿಲ್ಲ, ಎರರ್ ಕಣ್ಣಿಗೇ ಬೀಳುತ್ತದೆ. ರಾತ್ರಿ ಎರಡು ಗಂಟೆಗೆ ಕ್ರಾನ್ ಓಡಿಸುವ ಬ್ಯಾಕಪ್ ಸ್ಕ್ರಿಪ್ಟ್‌ಗೆ ಮಾತ್ರ ಕೆಲಸ ಆಯಿತೋ ಇಲ್ಲವೋ ಎಂದು ತಿಳಿಯಲು ಈ ಸಂಖ್ಯೆಯೇ ಗತಿ.

ಇಂಥ ಸ್ಕ್ರಿಪ್ಟ್‌ಗಳು ಹಲವು ಫೈಲ್‌ಗಳನ್ನು ಒಂದೇ ಆರ್ಕೈವ್ ಆಗಿ ಕಟ್ಟಲು ಬಳಸುವುದು ಹೆಚ್ಚಾಗಿ ಟಾರ್ ಅಥವಾ ಜಿಪ್. ಟಾರ್ 1979ರ ಯುನಿಕ್ಸ್ ಏಳನೇ ಆವೃತ್ತಿಯ ಜೊತೆ ಬಂದದ್ದು. ಜಿಪ್ ಮಾದರಿ 1989ರದ್ದು. ಇಷ್ಟು ವರ್ಷ ಬಳಕೆಯಲ್ಲಿದ್ದೂ ಇವು ಕೊಡುವ ಸಂಖ್ಯೆಗಳನ್ನು ಬಹಳಷ್ಟು ಜನ ಅಂದಾಜಿನ ಮೇಲೆಯೇ ಅರ್ಥ ಮಾಡಿಕೊಳ್ಳುತ್ತಾರೆ. ಕೆಳಗೆ ಬರೀ ಟಾರ್ ಎಂದಲ್ಲೆಲ್ಲ ಲಿನಕ್ಸ್‌ನ ಗ್ನೂ ಟಾರ್ ಎಂದೂ, ಜಿಪ್ ಎಂದಲ್ಲೆಲ್ಲ ಇನ್ಫೋ-ಜಿಪ್‌ನ 3.0 ಆವೃತ್ತಿ ಎಂದೂ ಓದಿಕೊಳ್ಳಿ.

ತಪ್ಪು ಕಲ್ಪನೆ: ಕೇಳಿದ ಫೈಲ್ ಸಿಗದಿದ್ದರೆ ಟಾರ್ ಅಲ್ಲಿಗೇ ನಿಲ್ಲುತ್ತದೆ, ಆರ್ಕೈವ್ ತಯಾರಾಗುವುದಿಲ್ಲ.

ವಾಸ್ತವ: ನಿಲ್ಲುವುದಿಲ್ಲ. ಮೂರು ಫೈಲ್ ಹೆಸರು ಕೊಟ್ಟು, ನಡುವಿನದು ಇಲ್ಲದಿದ್ದರೆ, ‘ಕೆನಾಟ್ ಸ್ಟ್ಯಾಟ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದು ಗೊಣಗಿ ಮೂರನೆಯದಕ್ಕೆ ಹೋಗುತ್ತದೆ. ಕೊನೆಯಲ್ಲಿ ‘ಹಿಂದಿನ ಎರರ್‌ಗಳ ಕಾರಣ ವಿಫಲ ಸ್ಥಿತಿಯಲ್ಲಿ ಹೊರಬೀಳುತ್ತಿದ್ದೇನೆ’ ಎಂಬ ಅರ್ಥದ ಒಂದು ಸಾಲು ಬರೆದು 2 ಕೊಡುತ್ತದೆ. ಟಾರ್ ಕೈಪಿಡಿಯಲ್ಲಿ 2 ಎಂದರೆ ‘ಫೇಟಲ್ ಎರರ್’. ಹೆಸರು ಕೇಳಿದರೆ ಎಲ್ಲ ಮುಗಿದೇ ಹೋಯಿತು ಅನ್ನಿಸಬೇಕು, ಆದರೆ ಡಿಸ್ಕ್ ಮೇಲೆ ಉಳಿದೆರಡು ಫೈಲ್‌ಗಳಿರುವ, ಸಲೀಸಾಗಿ ಬಿಚ್ಚಲು ಬರುವ ಆರ್ಕೈವ್ ಇರುತ್ತದೆ. ಡಿಸ್ಕ್ ತುಂಬಿ ಅರ್ಧಕ್ಕೇ ಮುರಿದ ಆರ್ಕೈವ್‌ಗೂ ಅದೇ 2. ಎರಡೂ ಒಂದೇ ಅಲ್ಲ. ಸಂಖ್ಯೆಯಿಂದ ಭೇದ ತಿಳಿಯುವುದಿಲ್ಲ, ಎರರ್ ಸಂದೇಶವನ್ನೇ ಓದಬೇಕು.

ಇನ್ನೊಂದು ಸೂಕ್ಷ್ಮ ಇದೆ. ನೀವೇ ಹೆಸರು ಹೇಳಿದ ಫೈಲ್ ಇಲ್ಲದಿದ್ದರೆ 2. ಫೋಲ್ಡರ್ ಕೊಟ್ಟಿದ್ದೀರಿ, ಅದರೊಳಗೆ ಟಾರ್ ತಾನೇ ಒಂದು ಫೈಲನ್ನು ಕಂಡು, ಓದಲು ಹೋಗುವಷ್ಟರಲ್ಲಿ ಯಾರೋ ಅದನ್ನು ಅಳಿಸಿದರು ಅಂದುಕೊಳ್ಳಿ. ಆಗ ‘ಫೈಲ್ ರಿಮೂವ್ಡ್ ಬಿಫೋರ್ ವಿ ರೆಡ್ ಇಟ್’ ಎಂಬ ಎಚ್ಚರಿಕೆ, ಕೋಡ್ 1. ಈ ವಿಂಗಡಣೆ ನನಗೆ ಸರಿಯೆನಿಸುತ್ತದೆ. ನೀವು ಬಾಯಿಬಿಟ್ಟು ಕೇಳಿದ್ದು ಸಿಗದಿರುವುದಕ್ಕೂ, ಟೆಂಪ್ ಫೈಲೊಂದು ಬಂದು ಹೋದದ್ದಕ್ಕೂ ತೂಕ ಬೇರೆ.

ತಪ್ಪು ಕಲ್ಪನೆ: ಜಿಪ್ ಕೂಡ ಹಾಗೆಯೇ ತಾನೇ?

ವಾಸ್ತವ: ಇಲ್ಲ, ಇಲ್ಲೇ ಹೆಚ್ಚು ಮಂದಿ ಎಡವುವುದು. ಅದೇ ಮೂರು ಹೆಸರನ್ನು ಜಿಪ್‌ಗೆ ಕೊಡಿ. ‘ನೇಮ್ ನಾಟ್ ಮ್ಯಾಚ್ಡ್’ ಎಂದು ಒಂದು ಎಚ್ಚರಿಕೆ ಬರೆಯುತ್ತದೆ, ಉಳಿದೆರಡನ್ನು ಸೇರಿಸುತ್ತದೆ, 0 ಕೊಟ್ಟು ಹೋಗುತ್ತದೆ. ಸ್ಕ್ರಿಪ್ಟ್‌ನ ಪಾಲಿಗೆ ಎಲ್ಲ ಸುಸೂತ್ರ. ಕೊಟ್ಟ ಹೆಸರುಗಳಲ್ಲಿ ಒಂದೂ ಸಿಗದಿದ್ದರೆ ಮಾತ್ರ ‘ನಥಿಂಗ್ ಟು ಡು’ ಎಂದು 12. ಫೈಲ್ ಇದೆ, ಆದರೆ ಓದಲು ಅನುಮತಿ ಇಲ್ಲ ಎಂದಾದರೆ ಆರ್ಕೈವ್ ಮುಗಿಸಿ 18. ಅಂದರೆ ಓದಲಾಗದ ಫೈಲ್‌ಗೆ ಜಿಪ್ ಲೆಕ್ಕ ಕೊಡುತ್ತದೆ, ಇಲ್ಲದ ಫೈಲ್‌ಗೆ ಕೊಡುವುದಿಲ್ಲ.

ಇದಕ್ಕೆ ಮದ್ದು ಜಿಪ್‌ನಲ್ಲೇ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ ಅಷ್ಟೆ: ಎರಡು ದೊಡ್ಡ ‘ಎಂ’ಗಳ ಆಯ್ಕೆ, ಉದ್ದ ರೂಪದಲ್ಲಿ ‘ಮಸ್ಟ್-ಮ್ಯಾಚ್’. ಇದನ್ನು ಹಾಕಿದರೆ ಒಂದು ಹೆಸರು ಸಿಗದಿದ್ದರೂ, ಒಂದು ಫೈಲ್ ಓದಲಾಗದಿದ್ದರೂ ಜಿಪ್ ಅಲ್ಲೇ ನಿಂತು 18 ಕೊಡುತ್ತದೆ, ಆರ್ಕೈವ್ ತಯಾರಾಗುವುದೇ ಇಲ್ಲ. ಇನ್‌ವಾಯ್ಸ್‌ಗಳು, ಸಹಿಯಾದ ದಾಖಲೆಗಳು, ಗ್ರಾಹಕರಿಗೆ ಕಳಿಸುವ ಬಿಡುಗಡೆ ಪ್ಯಾಕೇಜ್ ಹೀಗೆ ‘ಎಲ್ಲವೂ ಇರಬೇಕು, ಇಲ್ಲದಿದ್ದರೆ ಬೇಡವೇ ಬೇಡ’ ಎನ್ನುವಂಥವಕ್ಕೆ ಇದನ್ನು ಕಣ್ಣುಮುಚ್ಚಿ ಹಾಕಬೇಕು. ದಿನದ ಲಾಗ್‌ಗಳಿಗೆ ಹಾಕಿದರೆ ಯಾವುದೋ ಒಂದು ಸರ್ವಿಸ್ ಲಾಗ್ ಬರೆಯದ ದಿನ ಇಡೀ ಬ್ಯಾಕಪ್ಪೇ ತಪ್ಪುತ್ತದೆ. ಇಲ್ಲದ ಫೈಲ್ ಎಷ್ಟು ದೊಡ್ಡ ವಿಷಯ ಎಂಬುದನ್ನು ಟೂಲ್ ತೀರ್ಮಾನಿಸಲಾರದು. ಸ್ಕ್ರಿಪ್ಟ್ ಬರೆಯುವವರೇ ಮೊದಲು ತೀರ್ಮಾನಿಸಬೇಕು.

ತಪ್ಪು ಕಲ್ಪನೆ: 1 ಎಂದರೆ ಬರೀ ಎಚ್ಚರಿಕೆ, 2 ಎಂದರೆ ನಿಜವಾದ ತಪ್ಪು. ಎಲ್ಲ ಟೂಲ್‌ಗೂ ಇದೇ ನಿಯಮ.

ವಾಸ್ತವ: ಸೊನ್ನೆಯೊಂದನ್ನು ಬಿಟ್ಟರೆ ಉಳಿದ ಯಾವ ಸಂಖ್ಯೆಗೂ ಟೂಲ್‌ಗಳ ನಡುವೆ ಒಪ್ಪಂದ ಇಲ್ಲ. ಗ್ನೂ ಟಾರ್ ಮತ್ತು ಸೆವೆನ್-ಜಿಪ್‌ನಲ್ಲಿ 1 ಹಗುರ, 2 ಭಾರ. ಇದೇ ಟಾರ್‌ನ ಮಗ್ಗುಲಲ್ಲಿ ಸದಾ ಇರುವ ಜಿಜಿಪ್‌ನಲ್ಲಿ ನೇರ ತಿರುವುಮುರುವು: 1 ತಪ್ಪು, 2 ಎಚ್ಚರಿಕೆ. ಆರ್‌ಸಿಂಕ್ ಇನ್ನೂ ಬಿಡಿಸಿ ಹೇಳುತ್ತದೆ: ಮೂಲದಲ್ಲಿ ಕೇಳಿದ ಫೈಲ್ ಇಲ್ಲದಿದ್ದರೆ, ಓದಲಾಗದಿದ್ದರೆ 23, ಪಟ್ಟಿ ಮಾಡಿದ ಮೇಲೆ ಕಳಿಸುವ ಮೊದಲು ಫೈಲ್ ಮಾಯವಾಗಿದ್ದರೆ 24. ಮೇಲ್ ಸರ್ವರ್‌ನಂಥ ಕಡೆ 24 ದಿನನಿತ್ಯದ ಮಾತು, ಅದನ್ನು ಸಹಿಸಿಕೊಂಡು 23ಕ್ಕೆ ಮಾತ್ರ ಗಂಟೆ ಬಾರಿಸಬಹುದು.

ನಿಜವಾಗಿ ಪೆಟ್ಟು ಕೊಡುವುದು ಒಂದೇ ಹೆಸರಿನ ಎರಡು ಟಾರ್‌ಗಳು. ಮ್ಯಾಕ್‌ನಲ್ಲೂ ಫ್ರೀಬಿಎಸ್‌ಡಿಯಲ್ಲೂ, 2018ರ ನಂತರದ ವಿಂಡೋಸ್ 10ರಲ್ಲೂ ಟಾರ್ ಎಂದು ಟೈಪ್ ಮಾಡಿದರೆ ಓಡುವುದು ಗ್ನೂ ಟಾರ್ ಅಲ್ಲ, ಲಿಬ್‌ಆರ್ಕೈವ್‌ನ ಬಿಎಸ್‌ಡಿ ಟಾರ್. ಅದರಲ್ಲಿ ಫೈಲ್ ಇಲ್ಲದಿದ್ದರೆ ಬರುವ ಕೋಡ್ 1. ಲಿನಕ್ಸ್‌ನಲ್ಲಿ ‘1 ಬಂದರೆ ಪರವಾಗಿಲ್ಲ, ಲಾಗ್ ಬದಲಾಗಿರಬೇಕು’ ಎಂದು ಬರೆದ ಸ್ಕ್ರಿಪ್ಟ್ ಸಹೋದ್ಯೋಗಿಯ ಮ್ಯಾಕ್‌ಬುಕ್‌ಗೆ ಹೋದ ದಿನದಿಂದ, ಇಲ್ಲದ ಫೈಲ್‌ಗಳನ್ನೂ ಪರವಾಗಿಲ್ಲ ಎನ್ನತೊಡಗುತ್ತದೆ. ಒಂದಕ್ಷರ ಬದಲಾಗಿರುವುದಿಲ್ಲ. ಸ್ಕ್ರಿಪ್ಟ್‌ನ ಮೊದಲಲ್ಲಿ ಟಾರ್‌ನ ‘ವರ್ಷನ್’ ಆಯ್ಕೆಯ ಉತ್ತರ ನೋಡಿ ಮುಂದುವರಿಯುವುದು ಅತಿ ಜಾಗ್ರತೆಯೇನಲ್ಲ.

ತಪ್ಪು ಕಲ್ಪನೆ: ‘ಫೈಲ್ ಚೇಂಜ್ಡ್ ಆಸ್ ವಿ ರೆಡ್ ಇಟ್’ ಬಂದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ವಾಸ್ತವ: ಕೆಲವೊಮ್ಮೆ ಹೌದು. ಆರ್ಕೈವನ್ನು ಅದೇ ಫೋಲ್ಡರ್ ಒಳಗೆ ಬರೆಸುತ್ತಿದ್ದರೆ, ಹೊಸ ಫೈಲ್ ಹುಟ್ಟಿದ್ದರಿಂದ ಫೋಲ್ಡರ್ ಬದಲಾಯಿತೆಂದು ಟಾರ್‌ನ ಹಲವು ಆವೃತ್ತಿಗಳು ಈ ಎಚ್ಚರಿಕೆ ಕೊಟ್ಟು 1 ಹಿಡಿಸುತ್ತವೆ. ಆರ್ಕೈವನ್ನು ಬೇರೆ ಕಡೆ ಬರೆಸಿದರೆ ಸಂದೇಶ ನಿಲ್ಲುತ್ತದೆ. ಆದರೆ ಇದೇ ಕೋಡ್ 1ರ ಹಿಂದೆ ಇನ್ನೊಂದು ಸಂದೇಶವೂ ಅಡಗಿರಬಹುದು: ‘ಫೈಲ್ ಶ್ರ್ಯಾಂಕ್… ಪ್ಯಾಡಿಂಗ್ ವಿತ್ ಝೀರೋಸ್’. ಇದು ತಿಳಿಯಬೇಕಾದರೆ ಟಾರ್ ಬರೆಯುವ ಕ್ರಮ ನೋಡಬೇಕು.

ಟಾರ್ ಹುಟ್ಟಿದ್ದು ಟೇಪ್‌ಗಾಗಿ. ಪ್ರತಿ ಫೈಲ್‌ಗೂ ಮೊದಲು 512 ಬೈಟ್‌ನ ಹೆಡರ್ ಬರೆಯುತ್ತದೆ. ಹೆಸರು, ಮಾಲೀಕ, ಅನುಮತಿಗಳ ಜೊತೆ ಫೈಲ್‌ನ ಗಾತ್ರವೂ ಅದರಲ್ಲೇ ಇರುತ್ತದೆ. ಆಮೇಲೆ ಒಳಗಿನ ದತ್ತಾಂಶ. ಬರೆದ ಹೆಡರ್ ಹಿಂದಕ್ಕೆ ಹೋಗಿ ತಿದ್ದುವ ಮಾತಿಲ್ಲ. ಗಾತ್ರ ಬರೆದಾದ ಮೇಲೆ ಲಾಗ್ ಫೈಲ್ ಬೆಳೆದರೆ, ಬರೆದಷ್ಟೇ ಬೈಟ್ ಓದಿ ಉಳಿದದ್ದನ್ನು ಬಿಡುತ್ತದೆ, ನಷ್ಟ ಕಡಿಮೆ. ಫೈಲ್ ಕುಗ್ಗಿದರೆ? ಚೀಲದ ಮೇಲೆ 50 ಕಿಲೋ ಎಂದು ಅಚ್ಚೊತ್ತಿ ಆಗಿದೆ, ಅಕ್ಕಿ 30 ಕಿಲೋ ಮಾತ್ರ ಸಿಕ್ಕಿದೆ, ಉಳಿದ ಜಾಗಕ್ಕೆ ಹೊಟ್ಟು ತುಂಬಿ ಹೊಲಿದಂತೆ: ಕೊರತೆ ಬಿದ್ದಷ್ಟೂ ಬೈಟ್‌ಗಳಿಗೆ ಸೊನ್ನೆ ತುಂಬುತ್ತದೆ. ತೂಕ ನೋಡಿದರೆ ಸರಿಯಾಗಿರುತ್ತದೆ. ಪಠ್ಯದ ಫೈಲಾದರೆ ತೆರೆದಾಗ ಕೊನೆಯ ಕಸ ಕಣ್ಣಿಗೆ ಬೀಳಬಹುದು, ಬೈನರಿ ಫೈಲಾದರೆ ಅದೂ ಇಲ್ಲ.

ಟಾರ್ 1ನ್ನೂ 2ನ್ನೂ ಹೀಗೆ ಬೇರ್ಪಡಿಸಿದ್ದು 1.16ನೇ ಆವೃತ್ತಿಯಿಂದ. ಅದಕ್ಕೂ ಹಿಂದಿನವುಗಳಲ್ಲಿ ಓದುವಾಗ ಕುಗ್ಗಿದ ಫೈಲ್‌ಗೂ ನಿಜವಾದ ಅವಘಡಕ್ಕೂ ಕೋಡ್‌ನಲ್ಲಿ ವ್ಯತ್ಯಾಸ ಇರಲಿಲ್ಲ ಎಂದು ಪೋಸ್ಟ್‌ಗ್ರೆಸ್‌ಕ್ಯೂಎಲ್ ದಾಖಲೆಗಳೇ ಹೇಳುತ್ತವೆ. ಆ ಡೇಟಾಬೇಸ್‌ನ ಓಡುತ್ತಿರುವ ಬ್ಯಾಕಪ್‌ನಲ್ಲಿ ಫೈಲ್ ಬದಲಾಗುವುದು ಸಹಜ, ಆದ ಬದಲಾವಣೆಯನ್ನು, ಅದನ್ನು ಮುಂಚೆಯೇ ಬರೆದಿಟ್ಟಿರುವ ವ್ಯಾಲ್ ಲಾಗ್‌ನಿಂದ ಸರಿಪಡಿಸಿಕೊಳ್ಳುತ್ತದೆ. ಆ ಭರವಸೆ ಅದರ ಪದ್ಧತಿಯದ್ದು, ಟಾರ್‌ನದ್ದಲ್ಲ. ಅದನ್ನು ನೋಡಿ ನಿಮ್ಮ ಲೆಕ್ಕಪತ್ರದ ಫೋಲ್ಡರ್‌ಗೂ 1ನ್ನು ಮನ್ನಿಸುವುದಕ್ಕೆ ಯಾವ ಆಧಾರವೂ ಇಲ್ಲ.

ತಪ್ಪು ಕಲ್ಪನೆ: 0 ಬಂತೆಂದರೆ ಎಲ್ಲವೂ ಆರ್ಕೈವ್‌ನಲ್ಲಿದೆ.

ವಾಸ್ತವ: ನೀವು ಹೇಳಿದ್ದನ್ನು ಮಾಡಿದೆ ಎಂದಷ್ಟೇ ಅದರ ಅರ್ಥ. ನೀವು ಏನು ಹೇಳಿದ್ದೀರಿ ಎಂಬುದೇ ಪ್ರಶ್ನೆ.

ಹೆಸರೇ ಕೊಡದೆ ಟಾರ್ ಓಡಿಸಿದರೆ ‘ಕವರ್ಡ್ಲಿ ರೆಫ್ಯೂಸಿಂಗ್ ಟು ಕ್ರಿಯೇಟ್ ಆನ್ ಎಂಪ್ಟಿ ಆರ್ಕೈವ್’ ಎನ್ನುತ್ತದೆ, ಅಂದರೆ ಖಾಲಿ ಆರ್ಕೈವ್ ಮಾಡಲು ಹೇಡಿಯಂತೆ ಒಲ್ಲೆ ಎನ್ನುತ್ತಿದ್ದೇನೆ ಎಂದು. ಯುನಿಕ್ಸ್ ಲೋಕದಲ್ಲಿ ಇಷ್ಟು ವಿನಯದ ಎರರ್ ಇನ್ನೊಂದಿರಲಾರದು. ಆದರೆ ಹೆಸರುಗಳನ್ನು ಪಟ್ಟಿಯ ಫೈಲ್‌ನಿಂದ ಓದಿಸಿ, ಆ ಪಟ್ಟಿ ಖಾಲಿ ಇದ್ದರೆ ಈ ಹೇಡಿತನ ಹೋಗಿಬಿಡುತ್ತದೆ. ಸರಿಯಾಗಿ 10,240 ಬೈಟ್‌ನ, ಬರೀ ಸೊನ್ನೆಗಳ ಆರ್ಕೈವ್ ಬರೆದು 0 ಕೊಡುತ್ತದೆ. ‘ಫೈಂಡ್’ ಹುಡುಕುತ್ತಿದ್ದ ಫೋಲ್ಡರ್ ಹೆಸರು ಬದಲಾಗಿದೆ, ಫೈಂಡ್ ಏನೂ ಕೊಡುತ್ತಿಲ್ಲ, ಆದರೂ ದಿನಾ ಒಂದು ಬ್ಯಾಕಪ್ ಹುಟ್ಟುತ್ತಿದೆ. ಬ್ಯಾಕಪ್ ಫೋಲ್ಡರ್‌ನಲ್ಲಿ ಎಲ್ಲ ಫೈಲೂ 10,240 ಬೈಟ್ ಇದ್ದರೆ ಮೊದಲು ಇದನ್ನೇ ಶಂಕಿಸಿ.

ಫೈಂಡ್‌ನಿಂದ ‘ಎಕ್ಸಾರ್ಗ್ಸ್’ ಮೂಲಕ ಟಾರ್‌ಗೆ ಹೆಸರು ದಾಟಿಸುವವರ ಪಾಡು ಇನ್ನೂ ಕಷ್ಟ. ಗ್ನೂ ಎಕ್ಸಾರ್ಗ್ಸ್ ಒಂದು ಸಲಕ್ಕೆ ಸಾಮಾನ್ಯವಾಗಿ 128 ಕಿಲೋಬೈಟ್‌ನಷ್ಟು ಹೆಸರುಗಳನ್ನು ಕಟ್ಟಿ ಟಾರ್ ಓಡಿಸುತ್ತದೆ. ಫೈಲ್‌ಗಳು ಹೆಚ್ಚಾಗಿ ಪಟ್ಟಿ ಅದನ್ನು ದಾಟಿದ ದಿನ ಟಾರ್ ಎರಡನೇ ಬಾರಿ ಓಡುತ್ತದೆ, ಮೊದಲನೇ ಬಾರಿ ಮಾಡಿದ ಆರ್ಕೈವ್ ಮೇಲೆಯೇ ಹೊಸದನ್ನು ಬರೆಯುತ್ತದೆ. ಉಳಿಯುವುದು ಪಟ್ಟಿಯ ಬಾಲ ಮಾತ್ರ. ಎರಡೂ ಓಟಕ್ಕೆ 0. ಪಟ್ಟಿಯನ್ನು ನೇರ ಟಾರ್‌ಗೇ ಓದಲು ಬಿಟ್ಟರೆ, ಜೊತೆಗೆ ಫೈಂಡ್‌ಗೆ ‘ಪ್ರಿಂಟ್0’, ಟಾರ್‌ಗೆ ‘ನಲ್’ ಆಯ್ಕೆ ಕೊಟ್ಟರೆ, ಈ ತಾಪತ್ರಯವೂ ಹೆಸರಿನ ನಡುವಿನ ಸ್ಪೇಸ್‌ನ ತಾಪತ್ರಯವೂ ಒಟ್ಟಿಗೇ ತಪ್ಪುತ್ತವೆ.

0 ಬಂದೂ ಕೈಕೊಡುವ ಮೂರನೆಯ ಸಂದರ್ಭ ಡೇಟಾಬೇಸ್. ಒಂದು ಟೇಬಲ್‌ನ ಫೈಲನ್ನು 2 ಗಂಟೆಗೆ, ಅದರ ಇಂಡೆಕ್ಸ್ ಫೈಲನ್ನು 2 ಗಂಟೆ 5 ನಿಮಿಷಕ್ಕೆ ಟಾರ್ ಓದಿತು. ಓದುವ ಆ ಕ್ಷಣದಲ್ಲಿ ಎರಡೂ ಅಲುಗಾಡಲಿಲ್ಲ, ನಡುವಿನ ಐದು ನಿಮಿಷದಲ್ಲಿ ಎರಡೂ ಬದಲಾದವು. ಟಾರ್‌ಗೆ ದೂರೇ ಇಲ್ಲ. ಸಿಕ್ಕಿದ್ದು ಮಾತ್ರ ಒಂದಕ್ಕೊಂದು ತಾಳೆಯಾಗದ ಜೋಡಿ. ಇಲ್ಲಿ ಯಾವ ಎಕ್ಸಿಟ್ ಕೋಡೂ ನೆರವಿಗೆ ಬರುವುದಿಲ್ಲ. ಡೇಟಾಬೇಸ್‌ನ ಸ್ವಂತ ಡಂಪ್ ಕಮ್ಯಾಂಡೋ, ಡಿಸ್ಕ್ ಸ್ನ್ಯಾಪ್‌ಶಾಟೋ ಬೇಕು.

ತಪ್ಪು ಕಲ್ಪನೆ: ಟಾರ್‌ನಿಂದ ಜಿಜಿಪ್‌ಗೆ ಪೈಪ್ ಹಾಕಿದರೆ ಟಾರ್‌ನ ತಪ್ಪು ಕೊನೆಗೆ ತಿಳಿದೇ ತಿಳಿಯುತ್ತದೆ.

ವಾಸ್ತವ: ಪೈಪ್‌ನ ಕೊನೆಯಲ್ಲಿರುವ ಕಮ್ಯಾಂಡ್‌ನ ಕೋಡ್ ಮಾತ್ರ ತಿಳಿಯುತ್ತದೆ. ಟಾರ್ 2 ಕೊಟ್ಟು ಸತ್ತರೂ ಜಿಜಿಪ್ ತನಗೆ ಬಂದಷ್ಟನ್ನು ಚೆನ್ನಾಗಿ ಕುಗ್ಗಿಸಿ 0 ಕೊಡುತ್ತದೆ. ಬ್ಯಾಶ್‌ನಲ್ಲಿ ‘ಪೈಪ್‌ಫೇಲ್’ ಆನ್ ಮಾಡಿ. 2024ರ ಪೋಸಿಕ್ಸ್ ಮಾನದಂಡದಲ್ಲೂ ಅದು ಸೇರಿದೆ. ಅದನ್ನು ಆನ್ ಮಾಡಿದವರು ಒಂದನ್ನು ನೆನಪಿಡಿ: ದೊಡ್ಡ ಆರ್ಕೈವ್‌ನ ಪಟ್ಟಿಯನ್ನು ‘ಹೆಡ್’ಗೆ ಪೈಪ್ ಮಾಡಿ ಮೊದಲ ಹತ್ತು ಸಾಲು ನೋಡಿದರೆ 141 ಬರಬಹುದು. ಹೆಡ್ ಸಾಕೆಂದು ಎದ್ದುಹೋಗಿದೆ, ಬರೆಯುತ್ತಿದ್ದ ಟಾರ್‌ಗೆ 13ನೇ ಸಿಗ್ನಲ್ ಬಿದ್ದಿದೆ, 128ಕ್ಕೆ 13 ಕೂಡಿಸಿದರೆ 141. ಆರ್ಕೈವ್ ಕೆಟ್ಟಿಲ್ಲ.

ತಪ್ಪು ಕಲ್ಪನೆ: ಸಂದೇಶ ಅಡಗಿಸಿದರೆ ಕೋಡೂ ಸರಿಹೋಗುತ್ತದೆ.

ವಾಸ್ತವ: ‘ಫೈಲ್ ಬದಲಾಯಿತು’ ಎಂಬ ಎಚ್ಚರಿಕೆಯನ್ನು ಟಾರ್‌ನ ‘ವಾರ್ನಿಂಗ್’ ಆಯ್ಕೆಯಿಂದ ಮುಚ್ಚಿದರೆ ಸಾಲು ಕಾಣುವುದಿಲ್ಲ, 1 ಮಾತ್ರ ಹಾಗೇ ಬರುತ್ತದೆ. ‘ಇಗ್ನೋರ್-ಫೇಲ್ಡ್-ರೀಡ್’ ಇದರ ಉಲ್ಟಾ: ಓದಲಾಗದ ಫೈಲ್‌ಗಳನ್ನು ಎಚ್ಚರಿಕೆಗಿಳಿಸಿ ಕೋಡನ್ನು 0 ಮಾಡುತ್ತದೆ, ಹೆಸರು ಕೊಟ್ಟೂ ಸಿಗದ ಫೈಲೂ ಇದರಲ್ಲಿ ಸೇರಿತು. ಮೊದಲನೆಯದನ್ನು ಹಾಕಬೇಕಾದಲ್ಲಿ ಎರಡನೆಯದನ್ನು ಹಾಕಿದ ಸ್ಕ್ರಿಪ್ಟ್‌ಗಳು ಬೇಕಾದಷ್ಟಿವೆ. ಎರರ್ ಔಟ್‌ಪುಟ್ಟನ್ನೇ ಡೆವ್-ನಲ್‌ಗೆ ಸುರಿಯುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ರಾನ್ ಮೇಲ್ ಕಳಿಸುವುದು ಸಾಮಾನ್ಯವಾಗಿ ಔಟ್‌ಪುಟ್ ಇದ್ದಾಗ, ಕೋಡ್ ನೋಡಿ ಅಲ್ಲ. ಔಟ್‌ಪುಟ್ ಬಾಯಿ ಕಟ್ಟಿದರೆ ಮೇಲೂ ಬರುವುದಿಲ್ಲ.

‘ಸೆಟ್ -ಇ’ ಹಾಕಿದ ಸ್ಕ್ರಿಪ್ಟ್ ಟಾರ್‌ನ ನಿರುಪದ್ರವಿ 1ಕ್ಕೂ ಸತ್ತುಬೀಳುತ್ತದೆ ಎಂದು ಬೇಸತ್ತು ಸಾಲಿನ ಕೊನೆಗೆ ‘|| ಟ್ರೂ’ ಅಂಟಿಸುವುದೂ ಇದೇ ಜಾತಿ, 2ನ್ನೂ ನುಂಗುತ್ತದೆ. ಆ ಜಾಗದಲ್ಲಿ ಕೋಡನ್ನು ಒಂದು ವೇರಿಯೇಬಲ್‌ನಲ್ಲಿ ಹಿಡಿದಿಟ್ಟು, 1 ನಿಜಕ್ಕೂ ನಿರುಪದ್ರವಿ ಎಂದು ಗೊತ್ತಿರುವ ಕಡೆ 1ಕ್ಕಿಂತ ದೊಡ್ಡದಾದರೆ ಮಾತ್ರ ನಿಲ್ಲಿಸಿ.

ತಪ್ಪು ಕಲ್ಪನೆ: ‘ನೋ ಸಚ್ ಫೈಲ್’ ಅಂದರೆ ಫೈಲ್ ಇಲ್ಲ ಎಂದೇ ಅರ್ಥ.

ವಾಸ್ತವ: ಆ ಹೆಸರಿನದ್ದು ಆ ಜಾಗದಲ್ಲಿ ಇಲ್ಲ ಎಂದು ಅರ್ಥ. ಕ್ರಾನ್ ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ನಿಂತು ಕೆಲಸ ಮಾಡುವುದರಿಂದ ಅರ್ಧ ಪಾತ್ ಬರೆದಿದ್ದರೆ ತಪ್ಪುತ್ತದೆ. ವಿಂಡೋಸ್‌ನಲ್ಲಿ ತಯಾರಿಸಿದ ಪಟ್ಟಿಯಾದರೆ ಪ್ರತಿ ಹೆಸರಿನ ಬಾಲಕ್ಕೂ ಕಾಣದ ಕ್ಯಾರಿಯೇಜ್ ರಿಟರ್ನ್ ಅಂಟಿರುತ್ತದೆ. ಟಾರ್ ಸಂದೇಶದಲ್ಲಿ ಹೆಸರಿನ ಕೊನೆಗೆ ಹಿಂಗೀಟು ಮತ್ತು ‘ಆರ್’ ಕಂಡರೆ ಅದೇ.

ಫೈಲ್‌ಗೆ ಕನ್ನಡ ಹೆಸರಿಡುವವರಿಗೆ ಇನ್ನೂ ಒಂದು ಬಗೆಯದು ಕಾದಿದೆ. ಯುನಿಕೋಡ್‌ನಲ್ಲಿ ‘ೋ’ ಎಂಬ ಗುಣಿತ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಮೂರು ತುಂಡುಗಳನ್ನು ಸಾಲಾಗಿ ಇಟ್ಟೂ ಬರೆಯಬಹುದು. ‘ಫೋಟೋ’ ಎಂಬ ಹೆಸರು ಮೊದಲ ರೀತಿಯಲ್ಲಿ 12 ಬೈಟ್, ಎರಡನೇ ರೀತಿಯಲ್ಲಿ 24 ಬೈಟ್. ಪರದೆಯ ಮೇಲೆ ಎರಡೂ ಅದೇ ಫೋಟೋ. ಲಿನಕ್ಸ್‌ನ ಇಎಕ್ಸ್‌ಟಿ4 ಸಾಮಾನ್ಯವಾಗಿ ಹೆಸರನ್ನು ಬೈಟ್ ಬೈಟಾಗಿಯೇ ಹೋಲಿಸುತ್ತದೆ, ಅದರ ಪಾಲಿಗೆ ಇವು ಎರಡು ಬೇರೆ ಫೈಲ್. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಎಲ್ಲ ಹೆಸರನ್ನೂ ಬಿಡಿಸಿದ ರೂಪಕ್ಕೆ ಬದಲಾಯಿಸಿ ಇಡುತ್ತಿತ್ತು. ಅಲ್ಲಿಂದ ನಕಲಾಗಿ ಬಂದ ಫೋಲ್ಡರ್, ಇಲ್ಲಿ ಕೀಬೋರ್ಡ್‌ನಿಂದ ಟೈಪ್ ಮಾಡಿದ ಪಟ್ಟಿ. ಎರಡೂ ಸೇರಿದಾಗ ಕಣ್ಣೆದುರು ಇರುವ ಫೈಲನ್ನು ಟಾರ್ ‘ಇಲ್ಲ’ ಎನ್ನುತ್ತದೆ. ಕೀ, ಕೇ, ಕೈ, ಕೊ, ಕೋ ಈ ಐದೂ ಗುಣಿತಗಳಿಗೆ ಈ ಕಾಟ ಉಂಟು. ‘ಫೈಲ್‌ಗಳು’ ಎಂದು ಬರೆಯುವಾಗ ನಡುವೆ ಬರುವ ಕಾಣದ ನಾನ್-ಜಾಯಿನರ್ ಒಂದು ಕಡೆ ಇದ್ದು ಇನ್ನೊಂದು ಕಡೆ ಬಿಟ್ಟುಹೋದರೂ ಅದೇ ಫಲ.

ಕ್ರಾನ್‌ನಲ್ಲಿ ಓಡುವಾಗ ಭಾಷಾ ಸೆಟ್ಟಿಂಗ್ ಸಾಮಾನ್ಯವಾಗಿ ಬರಿದಾಗಿರುವುದರಿಂದ ಟಾರ್ ಸಂದೇಶದಲ್ಲಿ ಕನ್ನಡ ಅಕ್ಷರಗಳ ಬದಲು ಅಷ್ಟಮಾನದ ಅಂಕಿಗಳು ಕಾಣುತ್ತವೆ, ‘ಕ’ ಎಂಬುದು \340\262\225 ಆಗುತ್ತದೆ. ನೋಡಲು ಕರ್ಕಶ, ಆದರೆ ಈ ರೋಗ ಹಿಡಿಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ: ಎರಡು ಹೆಸರುಗಳ ಅಂಕಿ ಬೇರೆ ಬೇರೆ ಎಂಬುದು ಅಲ್ಲೇ ಎದ್ದು ಕಾಣುತ್ತದೆ. ಪಟ್ಟಿಯನ್ನು ಕೈಯಾರೆ ಟೈಪ್ ಮಾಡದೆ ಆಯಾ ಯಂತ್ರದಲ್ಲೇ ಫೈಂಡ್‌ನಿಂದ ಎತ್ತಿದರೆ ಸಮಸ್ಯೆ ಹುಟ್ಟುವುದಿಲ್ಲ. ಹುಟ್ಟಿದ್ದಾಗಿದ್ದರೆ ‘ಕನ್ವ್ಎಂವಿ’ ಎಂಬ ಟೂಲ್ ಹೆಸರುಗಳನ್ನು ಒಂದೇ ರೂಪಕ್ಕೆ ತರುತ್ತದೆ.

ತಪ್ಪು ಕಲ್ಪನೆ: ಪಟ್ಟಿ ತೆಗೆದು ನೋಡಿದರೆ ಆರ್ಕೈವ್ ಪರೀಕ್ಷೆ ಮುಗಿಯಿತು.

ವಾಸ್ತವ: ಟಾರ್ ಚೆಕ್‌ಸಮ್ ಇಡುವುದು ಹೆಡರ್‌ಗೆ ಮಾತ್ರ, ಒಳಗಿನ ದತ್ತಾಂಶಕ್ಕಲ್ಲ. ಕುಗ್ಗಿಸದ ಟಾರ್‌ನಲ್ಲಿ ಫೈಲ್‌ನ ನಡುವೆ ಬೈಟ್ ಕೆಟ್ಟಿದ್ದರೂ ಪಟ್ಟಿ ಚೊಕ್ಕಟವಾಗಿ ಬಂದು ಕೋಡ್ 0 ಇರುತ್ತದೆ. ಜಿಜಿಪ್‌ಗೂ ಜಿಪ್‌ಗೂ ಸಿಆರ್‌ಸಿ-32 ಇರುವುದರಿಂದ ಅವುಗಳ ‘ಟಿ’ ಪರೀಕ್ಷೆ ಕೆಟ್ಟದ್ದನ್ನು ಹಿಡಿಯುತ್ತದೆ. ಟಾರ್‌ನ ‘ಡಿ’ ಆಯ್ಕೆ ಆರ್ಕೈವನ್ನು ಡಿಸ್ಕ್ ಮೇಲಿನ ಮೂಲದ ಜೊತೆ ಹೋಲಿಸಿ, ವ್ಯತ್ಯಾಸ ಕಂಡರೆ 1 ಕೊಡುತ್ತದೆ. ಆದರೆ ಅದು ನೋಡುವುದು ಆರ್ಕೈವ್‌ನಲ್ಲಿ ಇರುವ ಹೆಸರುಗಳನ್ನು. ಒಳಗೆ ಸೇರದೇ ಹೋದದ್ದನ್ನು ಅದು ಕೇಳುವುದೇ ಇಲ್ಲ. ಅದಕ್ಕೆ ಇರಲೇಬೇಕಾದ ನಾಲ್ಕಾರು ಹೆಸರುಗಳನ್ನು ಹಿಡಿದು ಹೊರತೆಗೆದು ನೋಡುವುದೇ ದಾರಿ. ಟಾರ್ ಆದರೆ ಕೇಳಿದ್ದು ಒಳಗಿಲ್ಲದಿದ್ದರೆ ‘ನಾಟ್ ಫೌಂಡ್ ಇನ್ ಆರ್ಕೈವ್’ ಎಂದು 2 ಕೊಡುತ್ತದೆ. ಅನ್‌ಜಿಪ್ ಆದರೆ, ಕೇಳಿದ ಮೂರರಲ್ಲಿ ಎರಡು ಸಿಕ್ಕಿ ಒಂದು ಸಿಗದಿದ್ದರೂ 11. ಸೇರಿಸುವಾಗ ಜಿಪ್ 0 ಕೊಟ್ಟು ದಾಟಿಸಿದ ಅದೇ ಫೈಲ್‌ಗೆ ಅದೇ ಮನೆತನದ ಅನ್‌ಜಿಪ್ ತಕರಾರು ತೆಗೆಯುತ್ತದೆ. ಈ 11 ಬ್ಯಾಕಪ್ ಮಾಡಿದ ರಾತ್ರಿಯೇ ಬರಲಿ ಎಂದು ಸ್ಕ್ರಿಪ್ಟ್‌ನಲ್ಲಿ ಜಿಪ್ ಸಾಲಿನ ಕೆಳಗೇ ಅನ್‌ಜಿಪ್ ಸಾಲನ್ನೂ ಬರೆಯುವುದು.